ಕನಕರಾಜು ಕೆಂಪು ಕಾರು ಮಾರಿದ್ದು

ಮಳವಳ್ಳಿಯಿಂದ ಕಾರು ನೋಡಲು ಬರುತ್ತೇವೆಂದು ಫೋನು ಬಂದ ಗಳಿಗೆಯಿಂದ ಕನಕರಾಜು ನಿಂತಲ್ಲಿ ನಿಲ್ಲಲಿಲ್ಲ. ಯಾರದೋ ಟ್ರ್ಯಾಕ್ಟರಿನ ಕೆಳಗೆ ತೂರಿಕೊಂಡವನು ಅರ್ಧ ಕೆಲಸಕ್ಕೇ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಕಾರಿನ ಮೇಲಿನ ಟಾರ್ಪಾಲನ್ನು, ಸರಿಯಾಗಿಯೇ ಇದ್ದುದನ್ನು, ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಹೋಗಿ ಟೀ ಕುಡಿದು ಬರುತ್ತೇನೆಂದು ಹೊರಟವನು ಲೋಟ ಕೈಲಿ ಹಿಡಿದು, ಕುಡಿಯದೆ ಇಟ್ಟು ಬರುತ್ತಿದ್ದ.

ಮದ್ದೂರಿನ ಹಳೇ ಮೈಸೂರು ರಸ್ತೆಯ ಪಕ್ಕ ಅವನ ಗ್ಯಾರೇಜು, ಅದರ ಬೆನ್ನಿಗೇ ಮನೆ. ಅವನಪ್ಪ ಸಣ್ಣಯ್ಯ ಹೋರಿಗರು ತಂದು, ಪಳಗಿಸಿ, ಗಾಡಿಗೆ ಕಲಿಸಿ ಮಾರುತ್ತಿದ್ದವನು. ಮಗ ಎತ್ತು ಬಿಟ್ಟು ಇಂಜಿನ್ ಹಿಡಿದ. ಬೆಂಗಳೂರಿನ ಯಾವನೋ ಶ್ರೀಮಂತ ಗುದ್ದಿ ಗುಜರಿಗೆ ಹಾಕಿದ್ದ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಲಾರಿಯಲ್ಲಿ ಹೇರಿಕೊಂಡು ಬಂದಾಗ ಊರು ನಕ್ಕಿತ್ತು. ಕನಕರಾಜು ಅದರ ಎ.ಸಿ., ಮೆತ್ತೆ, ಗಾಜು, ಮೈಭಾರವಾದದ್ದನ್ನೆಲ್ಲ ಕಿತ್ತೆಸೆದ. ಒಳಗೆ ಉಕ್ಕಿನ ಕೊಳವೆ ಬೆಸೆದು ಪಂಜರ ಕಟ್ಟಿದ. ಇಂಜಿನ್ನನ್ನು ಬೋಲ್ಟು ಬೋಲ್ಟಾಗಿ ಬಿಚ್ಚಿ ತನಗೆ ಬೇಕಾದ ಹಾಗೆ ಕೂಡಿಸಿದ. ರೇಸ್ ಟ್ರ್ಯಾಕಿನ ಮೇಲೆ ಬಿಟ್ಟರೆ ಬೇರೆಲ್ಲೂ ಓಡಿಸಲಾಗದ ಗಾಡಿಯಾಯಿತು ಅದು. ವರ್ಷದಲ್ಲಿ ಎರಡೋ ಮೂರೋ ಸಲ ತಮಿಳುನಾಡಿನ ಟ್ರ್ಯಾಕಿಗೆ ಹೊತ್ತುಕೊಂಡು ಹೋಗಿ ಓಡಿಸಿ ಬರುತ್ತಿದ್ದ. ಗೆದ್ದದ್ದು ಕಡಿಮೆ. ಆದರೆ ಬಂದ ಮೇಲೆ ಹದಿನೈದು ದಿನ ಅವನ ಮುಖವನ್ನು ನೋಡಬೇಕಿತ್ತು, ಮದುವೆಯಾದ ಹೊಸತರಲ್ಲೂ ಹಾಗಿರಲಿಲ್ಲ ಎಂದು ಹೆಂಡತಿ ಕುಸುಮಳೇ ಹೇಳುತ್ತಿದ್ದಳು.

ಹೋದ ವರ್ಷ ಒಂದು ತಿರುವಿನಲ್ಲಿ ಕಾರು ಗಿರಕಿ ಹೊಡೆದು ಟೈರಿನ ಗೋಡೆಗೆ ಬಡಿಯಿತು. ಕತ್ತಿನ ಮೂಳೆ ಜರುಗಿ ಎಡಗೈ ಬೆರಳುಗಳು ಜೋಮು ಹಿಡಿದವು. ಇನ್ನೊಂದು ಇಂಥ ಕುಲುಕು ಬಿದ್ದರೆ ಆ ಕೈಯನ್ನು ಮರೆತುಬಿಡಿ ಎಂದರು ಮಂಡ್ಯದ ಡಾಕ್ಟರು. ಕೈ ಹೋದರೆ ಮೆಕ್ಯಾನಿಕ್ಕಿಗೆ ಉಳಿಯುವುದೇನು? ಕುಸುಮ ಅಳಲಿಲ್ಲ, ರೇಗಲಿಲ್ಲ. ಬೆಳಗ್ಗೆ ಅವನ ಅಂಗಿಯ ಗುಂಡಿ ಹಾಕಿಕೊಡುತ್ತಾ, ಕಾರು ಮಾರಿಬಿಡಿ ಎಂದಳು. ಆಯಿತು ಎಂದ.

ಅಂದದ್ದೇನೋ ಕಾರು. ಇಂಜಿನ್ ಎಂದು ಅವಳೂ ಹೇಳಿರಲಿಲ್ಲ, ಅವನೂ ಒಪ್ಪಿರಲಿಲ್ಲ. ಅದು ಏಟಿಗೆ ಸೀಳಿಹೋಯಿತು, ಗುಜರಿಗೆ ಹಾಕಿದೆ ಎಂದು ಅವಳಿಗೆ ಸುಳ್ಳು ಹೇಳಿದ್ದ. ಇಂಜಿನ್ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹಿತ್ತಲ ಬೂಸಾ ಕೋಣೆಯಲ್ಲಿ, ಮೂಟೆಗಳ ಹಿಂದೆ ಹಳೇ ಕಂಬಳಿ ಹೊದ್ದು ಕೂತಿತ್ತು. ತುಕ್ಕು ಹಿಡಿದು ಕಚ್ಚಿಕೊಳ್ಳದಿರಲೆಂದು ಆಗಾಗ ಹೋಗಿ, ಸ್ಪ್ಯಾನರು ಹಾಕಿ ಅರ್ಧ ಸುತ್ತು ತಿರುಗಿಸಿ ಬರುತ್ತಿದ್ದ. ಕತ್ತು ಸರಿಹೋದ ಮೇಲೆ ಇನ್ನೊಂದು ಕಾರಿನ ಚಿಪ್ಪು ಸಿಗದೇ ಹೋಗುತ್ತದೆಯೇ ಎಂಬುದು ಅವನ ಒಳಲೆಕ್ಕ.

ಆ ಕೋಣೆ ಅವನ ತಾಯಿ ಹೊಂಬಾಳಮ್ಮನ ರಾಜ್ಯ. ಹಸುವಿಗೆ ಬೂಸಾ ಕಲಸುವವಳು ಅವಳೇ. ಇದೇನ್ಲಾ ಎಂದು ಕೇಳಿದ್ದಕ್ಕೆ ಕನಕರಾಜು, ಅಪ್ಪ ಎತ್ತು ಮಾರಿದರೂ ಹಗ್ಗ ಕೊಡುತ್ತಿರಲಿಲ್ಲವಲ್ಲವ್ವ, ಹಾಗೇ ಇದು ಎಂದಿದ್ದ. ಮುದುಕಿಗೆ ಮಗ ಅಪ್ಪನ ದಾರಿ ಹಿಡಿದನೆಂದು ಅಂಥಾ ಸಂತೋಷವಾಯಿತು. ಯಾರಿಗೂ ಹೇಳಬೇಡ ಎನ್ನುವುದನ್ನು ಅವನು ಮರೆತ.

ಇಂಜಿನ್ ಸೀಳಿತೆಂಬ ಮಾತನ್ನು ಪೇಟೆ ನಂಬಿರಲಿಲ್ಲ, ಹಾಸ್ಯಕ್ಕೂ ಬರವಿರಲಿಲ್ಲ. ಟೈರ್ ಅಂಗಡಿ ಸಂತೋಷ್ ಟೀ ಅಂಗಡಿಯ ಮುಂದೆ ಎಲ್ಲರೂ ಕೇಳುವಂತೆ, "ಒಲೆ ಮಾರ್ತೀನಿ, ಉರಿ ಮಾತ್ರ ನಂದೇಯ ಅಂದಂಗಾಯ್ತಲ್ಲೋ ರಾಜಣ್ಣ" ಎಂದ. ಕನಕರಾಜು ನಗಲಿಲ್ಲ.

ಭಾನುವಾರ ಬೆಳಗ್ಗೆ ಕ್ಯಾಂಟರ್ ಬಂದು ನಿಂತಿತು. ಇಳಿದವಳು ಒಬ್ಬ ಹುಡುಗಿ, ಅರ್ಪಿತ. ಮಳವಳ್ಳಿಯಲ್ಲಿ ಅಪ್ಪನ ಕ್ಯಾಂಟರುಗಳನ್ನು ನೋಡಿಕೊಳ್ಳುವವಳು. ಹೆಂಗಸರ ರೇಸಿನಲ್ಲಿ ಎರಡು ವರ್ಷದಿಂದ ಬೇರೆಯವರ ಕಾರು ಓಡಿಸುತ್ತಿದ್ದಾಳಂತೆ, ಈಗ ತನ್ನದೇ ಬೇಕಂತೆ. ಅವಳು ಬಣ್ಣ ನೋಡಲಿಲ್ಲ. ನೆಲಕ್ಕೆ ಅಂಗಾತ ಮಲಗಿ ಅಡಿಗೆ ತೂರಿದಳು, ಪಂಜರದ ಒಂದೊಂದು ಬೆಸುಗೆಯ ಮೇಲೂ ಹೆಬ್ಬೆರಳು ಆಡಿಸಿದಳು. ಬಾನೆಟ್ಟಿನ ಕೆಳಗೆ ಇಂಜಿನ್ ಇದ್ದ ಹಳ್ಳವನ್ನು ಬಹಳ ಹೊತ್ತು ನೋಡಿದಳು. ಒಳಗೆ ಕೂತು ಬೆಲ್ಟು ಬಿಗಿದುಕೊಂಡು ಕಣ್ಣು ಮುಚ್ಚಿದಾಗ ಕನಕರಾಜುವಿಗೆ, ತನ್ನ ಮಂಚದ ಮೇಲೆ ಯಾರೋ ಮಲಗಿದ ಹಾಗೆ ಕಸಿವಿಸಿಯಾಯಿತು. ಗ್ಯಾರೇಜಿನ ತುದಿಯಿಂದ ತುದಿಗೆ ನಡೆದಾಡತೊಡಗಿದ.

"ಗಾಡಿ ಚೆನ್ನಾಗೈತೆ ಕಣಣ್ಣ. ಆದ್ರೆ ಈ ಬುಡ ಎಲ್ಲಾ ನಿಮ್ಮ ಇಂಜಿನ್ನಿಗೇ ಅಂತ ಕುಯ್ದು ಕೂರ್ಸಿದ್ದೀರ. ಬೇರೇದು ಕೂರಕಿಲ್ಲ. ಅದೇನಾಯ್ತು?" ಎಂದಳು.

ಮಜ್ಜಿಗೆಯ ಲೋಟ ಹಿಡಿದು ಕುಸುಮ ಬಾಗಿಲಲ್ಲಿ ನಿಂತಿದ್ದಳು. ಸೀಳೋಯ್ತು ಎಂದ ಕನಕರಾಜು, ಗೋಡೆಯ ಕಡೆ ನೋಡಿಕೊಂಡು.

ಹಿತ್ತಲಲ್ಲಿ ಹಸುವಿನ ಮುಂದಿದ್ದ ಹೊಂಬಾಳಮ್ಮ ತಲೆಯೆತ್ತಿದಳು. ಬಂದ ಹೆಣ್ಣುಮಗಳ ಮುಂದೆ ಮನೆಯ ಮರ್ಯಾದೆ ಹೇಳಿಕೊಳ್ಳುವ ಉಮೇದು ಅವಳದು. "ಎಲ್ಲಿ ಸೀಳೋಯ್ತು, ಅಲ್ಲೇ ಬೂಸಾ ಕ್ವಾಣೇಲಿ ಐತಲ್ಲ. ನಮ್ಮನೇಲಿ ಅಂಗೇ ಕಣವ್ವ. ನಮ್ಮ ಯಜಮಾನ್ರು ಎತ್ತು ಮಾರುದ್ರೂ ಹಗ್ಗ ಕೊಡ್ತಿರನಿಲ್ಲ. ಇವ್ನೂ ಅಂಗೇ ಮಡಿಕೊಂಡವ್ನೆ."

ಕುಸುಮ ಲೋಟವನ್ನು ಅರ್ಪಿತಳ ಕೈಗೆ ಕೊಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಗಂಡನನ್ನು ನೋಡದೆ ಅತ್ತೆಯನ್ನೇ ಕೇಳಿದಳು: "ಹಗ್ಗ ಯಾಕೆ ಕೊಡ್ತಿರನಿಲ್ಲ ಅತ್ತೆ?"

"ಗೂಟ ಬರಿದಾಗಬಾರ್ದು ಅಂತ. ಹಗ್ಗ ಇದ್ರೆ ಇನ್ನೊಂದು ಎತ್ತು ಬಂದೇ ಬತ್ತದೆ."

ಕುಸುಮ ಒಳಗೆ ಹೋದಳು. ಪಾತ್ರೆ ಸದ್ದಾಗಲಿಲ್ಲ, ಬಾಗಿಲು ಬಡಿಯಲಿಲ್ಲ. ಬಡಿದಿದ್ದರೆ ಕನಕರಾಜುವೂ ಕೂಗಾಡಿ ಗೆಲ್ಲಬಹುದಿತ್ತು. ಅವನು ಹಿಂದೆಯೇ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಅವಳು ಸುಮ್ಮನೆ ಒಲೆಯ ಮುಂದೆ ಕೂತಿದ್ದಳು.

"ನಂಗೆ ಸುಳ್ಳೇಳಿದ್ದು ಓಗ್ಲಿ ಬುಡಿ" ಎಂದಳು. "ನಿಮ್ಮ ಕೈಗೆ ಏನೇಳಿದ್ದೀರ?"

ಅವನು ಹೊರಗೆ ಬಂದ, ಮತ್ತೆ ಒಳಗೆ ಹೋದ, ಮತ್ತೆ ಹೊರಗೆ ಬಂದ. ಅರ್ಪಿತ ಎಲ್ಲವನ್ನೂ ಕೇಳಿಸಿಕೊಂಡಿದ್ದರೂ ಮಜ್ಜಿಗೆ ಕುಡಿಯುವುದರಲ್ಲಿ ಮುಳುಗಿದವಳಂತೆ ನಿಂತಿದ್ದಳು. ಕನಕರಾಜು ನೇರ ಬೂಸಾ ಕೋಣೆಗೆ ನುಗ್ಗಿ ಒಬ್ಬನೇ ಮೂಟೆಗಳನ್ನು ಎಳೆದು ಹಾಕಿದ. ಕಂಬಳಿ ಸರಿಸಿದ. ಚೈನ್ ಪುಲ್ಲಿ ತಂದು ತೊಲೆಗೆ ಸಿಕ್ಕಿಸಿ, ಬಲಗೈಯಲ್ಲಿ ಎಳೆದು, ಎಡಗೈಯಲ್ಲಿ ಹಿಡಿಯಲು ಹೋದ. ಸರಪಣಿ ಆ ಬೆರಳುಗಳ ನಡುವೆಯೇ ಸರಸರನೆ ಜಾರಿತು. ಹಿಡಿದಿದ್ದೇನೆಂದೇ ಅವನು ತಿಳಿದಿದ್ದ. ಇಂಜಿನ್ ಧೊಪ್ಪನೆ ಮೂಟೆಯ ಮೇಲೆ ಕೂತು ಬೂಸಾ ಹಾರಿತು.

ಸ್ವಲ್ಪ ಹೊತ್ತು ತನ್ನ ಅಂಗೈಯನ್ನೇ ನೋಡಿದ. ಆಮೇಲೆ ಅರ್ಪಿತಳನ್ನು ಕರೆದ. "ಬಾರವ್ವ, ಈ ಕಡೆ ನೀನ್ ಇಡ್ಕೊ. ಇದೂ ನಿಂದೇಯ."

ಹೊಂಬಾಳಮ್ಮ ಬಾಯಿ ಬಾಯಿ ಬಡಿದುಕೊಂಡಳು. ಹಗ್ಗ ಕೊಡುತ್ತಾರೆಯೇ, ಈ ಮನೆಯಲ್ಲಿ ಇಂಥದ್ದು ಆಗಿರಲಿಲ್ಲ ಎಂದಳು. ಅವನು ಉತ್ತರ ಕೊಡದೆ ಇಂಜಿನ್ನಿನ ಗುಣ ಹೇಳತೊಡಗಿದ. ಬೆಳಗ್ಗೆ ಅವಸರ ಮಾಡಬೇಡ, ಬಿಸಿಯಾಗಲು ಬಿಡು. ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ ಕೊಂಚ ತಡೆ. ಎಣ್ಣೆ ಕುಡಿಯುತ್ತದೆ, ಕುಡಿಯಲಿ, ಅದು ರೋಗವಲ್ಲ. ಕ್ಯಾಂಟರ್ ಮಳವಳ್ಳಿ ರಸ್ತೆಗೆ ಹೊರಳುವ ತನಕ ಪಕ್ಕದಲ್ಲೇ ನಡೆಯುತ್ತಾ ಹೇಳುತ್ತಲೇ ಇದ್ದ.

ಆ ಹಗಲೆಲ್ಲ ಅವನು ಅನ್ನ ಮುಟ್ಟಲಿಲ್ಲ. ಶಿಂಷಾ ಸೇತುವೆಯ ತನಕ ಹೋಗಿ ಬಂದ. ಬಿಚ್ಚಿಟ್ಟ ಟ್ರ್ಯಾಕ್ಟರನ್ನು ಮುಟ್ಟಿ ಬಿಟ್ಟ. ಸಂಜೆ ಜಗಲಿಯ ಮೇಲೆ ಕೂತ, ಕೂತಂತೆಯೂ ಅಲ್ಲ. ಕುಸುಮ ಅವರೆಕಾಯಿಯ ಮೊರ ತಂದು ಪಕ್ಕದಲ್ಲಿ ಕೂತು ಸುಲಿಯತೊಡಗಿದಳು.

ತುಸು ಹೊತ್ತಿಗೆ ಅವಳು ಗಮನಿಸಿದಳು. ಅವನ ಎಡಗೈ ತೊಡೆಯ ಪಕ್ಕ ಮುಷ್ಟಿ ಕಟ್ಟಿ, ಮುಂದಕ್ಕೆ, ಹಿಂದಕ್ಕೆ, ಅಡ್ಡಕ್ಕೆ ಸರಿದಾಡುತ್ತಿತ್ತು. ಅವನಿಗೇ ಅದರ ಅರಿವಿರಲಿಲ್ಲ. ಕಣ್ಣು ಎದುರಿನ ರಸ್ತೆಯ ಮೇಲೆ ನೆಟ್ಟಿತ್ತು.

"ಎಷ್ಟನೇ ಗೇರು?" ಎಂದಳು ಕಾಯಿ ಸುಲಿಯುತ್ತಲೇ.

ಅವನು ಬೆಚ್ಚಿ ಕೈ ನೋಡಿಕೊಂಡ. "ನಾಲ್ಕು" ಎಂದ.

"ಇಳಿಸ್ಕೊಳ್ಳಿ. ಮುಂದೆ ಅತ್ತೆಯ ಹಸು ಐತೆ" ಎಂದು ಮೊರವನ್ನು ಇಬ್ಬರ ನಡುವೆ ಸರಿಸಿದಳು. ಅವನು ಒಂದು ಕಾಯಿ ಎತ್ತಿಕೊಂಡ. ಎಡಗೈಯ ಬೆರಳಿಗೆ ಸಿಪ್ಪೆ ಬಿಡಿಸಲು ಆಗಲಿಲ್ಲ. ಮತ್ತೆ ಪ್ರಯತ್ನಿಸಿದ.