ದುರ್ಬೀನಿಗೆ ಹಚ್ಚಿದ ವಿಭೂತಿ

ಮಿಲಿಟರಿಯಿಂದ ನಿವೃತ್ತನಾಗಿ ಮಮದಾಪುರಕ್ಕೆ ಬಂದ ಮೇಲೆ ನನ್ನ ಪಾಲಿಗೆ ಉಳಿದಿದ್ದು ಗುರಿಯೊಂದೇ. ಮೊಣಕಾಲು ಹೋಯಿತು, ಒಂದು ಕಿವಿ ಹೋಯಿತು. ಆದರೂ ಪ್ರತಿ ರವಿವಾರ ನಮ್ಮ ಹಿತ್ತಲಿನ ಮಣ್ಣಿನ ಗೋಡೆಯ ಮೇಲೆ ಕಡ್ಡಿಪೆಟ್ಟಿಗೆ ಇಟ್ಟು ಏರ್‌ಗನ್ನಿನಿಂದ ಬೀಳಿಸುವುದರಲ್ಲಿ, ಮೂಡಲಗಿಯಿಂದ ಬರುತ್ತಿದ್ದ ನನ್ನ ಹಳೆಯ ಜೊತೆಗಾರನಿಗೆ ಎಂದೂ ಸೋತವನಲ್ಲ. ಈ ವರ್ಷ ಸೋತೆ, ಅದೂ ಸಾಲಾಗಿ ಮೂರು ವಾರ. ಬಂದೂಕಿನ ಗುರಿಕಡ್ಡಿ ಸವೆದಿದೆ ಅಂದೆ.

"ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದ್ಳಂತ," ಎಂದು ಅವನು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಬಂದೂಕಿನ ಮೇಲೆ ಗುರಿ ಹಿಡಿಯುವ ದುರ್ಬೀನು ಕೂರಿಸಿಯೇ ತೀರುತ್ತೇನೆಂದು ಹಟ ಹಿಡಿದೆ.

ಗೋಕಾಕದ ಅಂಗಡಿಯವನು ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುವುದನ್ನು ಮುಂದಿಟ್ಟ. ಬೆಲೆ ಕೇಳಿದಾಗ ನನ್ನ ಪಿಂಚಣಿ ನನಗಿಂತ ಮೊದಲೇ ಎದ್ದು ಹೊರನಡೆಯಿತು. ಅಗ್ಗದ್ದು ಕೇಳಿದರೆ ಮಕ್ಕಳ ಆಟಿಗೆಯಂಥದ್ದನ್ನು ತೋರಿಸಿದ. ಬಂದೂಕನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹಿಡಿದು ಹುಕ್ಕೇರಿಗೆ ಹೋದೆ. ಅಲ್ಲಿ ಬಂದೂಕು ರಿಪೇರಿ ಮಾಡುವ ಮುದುಕರೊಬ್ಬರಿದ್ದಾರೆ, ಊರೆಲ್ಲ ಅವರನ್ನು ಚಾಚಾ ಅನ್ನುತ್ತದೆ.

"ಇಂಥಾ ಸ್ಪ್ರಿಂಗ್ ಬಂದೂಕ ಹಿಂದಕ್ಕೂ ಒದಿತೈತಿ, ಮುಂದಕ್ಕೂ ಒದಿತೈತ್ರಿ," ಎಂದರು ಚಾಚಾ. "ತಿರುವಿ ದೊಡ್ಡದ ಸಣ್ಣದ ಮಾಡೂ ಅಗ್ಗದ ದುರ್ಬೀನ ನಾಕ ದಿನದಾಗ ಅಳ್ಳಾಡತೈತಿ. ಈ ನಾಕ ಪಟ್ಟಿಂದ ಒಯ್ರಿ. ರೊಕ್ಕಾನೂ ಕಮ್ಮಿ, ಗಟ್ಟಿನೂ ಐತಿ."

ಅವರೇ ಅದನ್ನು ಬಂದೂಕಿಗೆ ಬಿಗಿದು ಕೊಟ್ಟರು. ನೋಡಿದೆ, ಮಸುಕಾಗಿತ್ತು. ಹೊತ್ತು ಮುಳುಗಿದ್ದರಿಂದ ಹಾಗೆ ಕಂಡಿರಬೇಕು ಅಂದುಕೊಂಡೆ. ಬಸ್ಸಿನಲ್ಲಿ ಊರಿಗೆ ಬರುವಷ್ಟರಲ್ಲಿ ಮೈ ಸೋತು ಹೋಗಿತ್ತು.

ಮರುದಿನ ಖಂಡೇಪೂಜೆ, ಮಹಾನವಮಿಯ ಆಯುಧಪೂಜೆ. ಕೊಡಲಿ, ಕುಡಗೋಲು, ಹೊಲಿಗೆ ಯಂತ್ರದ ಸಾಲಿನಲ್ಲಿ ಬಂದೂಕನ್ನೂ ಇಟ್ಟು ಹೆಂಡತಿ ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಹಚ್ಚಿದಳು. ದುರ್ಬೀನಿನ ಗಾಜಿಗೂ ಹಚ್ಚಿದಳು. ಪೂಜೆಗಿಟ್ಟ ಆಯುಧವನ್ನು ಬನ್ನಿ ಮುಡಿಯುವವರೆಗೆ ಮುಟ್ಟುವಂತಿಲ್ಲ. ಬನ್ನಿ ಮುಡಿದು ಬಂದು ಒರೆಸಿ ನೋಡಿದರೆ ಅದೇ ಮಸುಕು.

"ಹೊಸಾ ಗಾಜ ಹಾಳ ಮಾಡಿದೆಲ್ಲಾ!" ಎಂದು ಓಣಿಗೆಲ್ಲ ಕೇಳುವಂತೆ ಚೀರಿದೆ. ಅವಳು ಒಳಹೋಗಿ ಹಳೆಯ ಧೋತರದ ಮೆತ್ತನೆಯ ಚೂರು ತಂದುಕೊಟ್ಟಳು. ಎರಡು ದಿನ ಅವಳೊಂದಿಗೆ ಮಾತು ಬಿಟ್ಟು ಉಜ್ಜಿದೆ, ಊದಿದೆ, ಮತ್ತೆ ಉಜ್ಜಿದೆ.

ಮೂರನೆಯ ದಿನ ಅವಳು ಖಾಲಿ ಬಂದೂಕನ್ನು ಕಟ್ಟೆಯ ಮೇಲಿಟ್ಟು, ತಾನೇ ಬಗ್ಗಿ ಗೋಡೆಯ ಮೇಲಿನ ಕಡ್ಡಿಪೆಟ್ಟಿಗೆಯತ್ತ ನೋಡಿದಳು. "ಪೆಟಗಿ ಮ್ಯಾಲಿನ ಅಕ್ಷರಾ ಸುದ್ದಾ ಛಲೋ ಕಾಣಾಕತ್ತಾವಲ್ರಿ," ಎಂದಳು. ಆಮೇಲೆ ದನಿ ಇಳಿಸಿ, "ನೀವು ಎಡಗಣ್ಣಲೆ ನೋಡ್ರಿ."

ಎಡಗಣ್ಣಿಟ್ಟು ನೋಡಿದೆ. ಅಕ್ಷರಗಳು ಒಂದೊಂದಾಗಿ ಕಂಡವು. ಬಲಗಣ್ಣಿಗೆ ಬರೀ ಮಜ್ಜಿಗೆಯಂಥ ಮಸುಕು.

"ನನ್ನ ಬೈದದ್ದ ಇರ್ಲಿ," ಎಂದಳು. "ಎಷ್ಟ ದಿನಾ ಆತ್ರಿ ಹಿಂಗಾಗಿ?"

ಇನ್ನು ಸುಳ್ಳು ಹೇಳುವ ತ್ರಾಣ ಇರಲಿಲ್ಲ. "ಯುಗಾದಿಯಿಂದ," ಎಂದೆ.

"ಇಷ್ಟ ದಿನಾ ಬಾಜೂಕ ಇದ್ದೇನಿ, ನನಗೊಂದ ಮಾತ ಹೇಳಲಿಲ್ಲಲ್ರಿ," ಎಂದವಳು ಕಟ್ಟೆಯ ಮೇಲೆ ಕುಸಿದು ಕುಳಿತಳು. ಗುರಿಯೂ ಹೋದರೆ ಈ ಮನೆಯಲ್ಲಿ ನಾನು ಯಾರು ಎಂಬ ಹೆದರಿಕೆ ನನಗಿತ್ತು. ಅದನ್ನು ಅವಳಿಗೆ ಅವತ್ತೂ ಹೇಳಲಾಗಲಿಲ್ಲ.