ಯಂತ್ರ ನಿಮ್ಮನ್ನು ಕೇಳಲಿಲ್ಲ

ಮೊಯಿನ್ ಚಾಚಾ, ನಾಲ್ಕು ವರ್ಷದ ಹಿಂದೆ ಮಾಲೀಕರ ಮುಂದೆ ನೀವು ಹೇಳಿದ್ದೇ ನಿಜ. ಸುಳ್ಳುಗಾರ ನಾನು.

ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರುವ ನಮ್ಮ ಶಹಾಬಾದಿನ ಆಫೀಸಿಗೆ ಕಂಪ್ಯೂಟರ್ ಬಂದಾಗ ಪ್ರೋಗ್ರಾಮ್ ಬರೆದವನು ನಾನು, ಆರ್ಡರು ನೋಡಿಕೊಳ್ಳುವ ಗುಮಾಸ್ತರು ನೀವು. ಕಪ್ಪು ಪರದೆಯಲ್ಲಿ ಒಂದು ಆಜ್ಞೆ ಟೈಪ್ ಮಾಡಿದರೆ ಆರ್ಡರು ಸೇರುತ್ತಿತ್ತು, ಇನ್ನೊಂದಕ್ಕೆ ಅಳಿಯುತ್ತಿತ್ತು. ಆಜ್ಞೆಯನ್ನು ಓದಿ ಬಿಡಿಸುವುದು, ಅಳಿಸುವ ಮುನ್ನ ‘ಖಂಡಿತವೇ?’ ಎಂದು ಕೇಳುವುದು — ಇವೆಲ್ಲ ಹೈದರಾಬಾದಿನಿಂದ ತಂದ ಫ್ಲಾಪಿಯಲ್ಲಿ, ಬೇರೆಯವರು ಬರೆದಿಟ್ಟ ಲೈಬ್ರರಿಯಲ್ಲಿ ಸಿದ್ಧವಾಗಿದ್ದವು. ನಾನು ಜೋಡಿಸಿದ್ದೆ, ಅಷ್ಟೆ. ಮೊದಲ ಸಲ ತೋರಿಸಿದ ದಿನ ಆ ಪ್ರಶ್ನೆ ಕಂಡು ಮಾಲೀಕರು ನಕ್ಕರು: “ಏನಪಾ, ನಿನ್ನಂಗ ನಿನ್ನ ಮಷೀನೂ ಅಂಜಲಿಕತ್ತದಲ್ಲ.” ಎಲ್ಲರೂ ನಕ್ಕರು. ಅಂದು ಸಂಜೆಯೇ ಪ್ರಶ್ನೆಯನ್ನು ತೆಗೆದುಹಾಕಿದೆ. ತಾರೀಖು ಹಾಕಿ ದಿನಚರಿಯಲ್ಲಿ ಬರೆದುಕೊಂಡೆ, ನಿಮಗೆ ಹೇಳಲಿಲ್ಲ.

ನಮ್ಮಲ್ಲಿ ಆರ್ಡರು ಬರೆಯುವ ಗೋಡೆಯ ಹಲಗೆ ಒರೆಸು ಎಂದರೆ ಹೋದ ತಿಂಗಳದ್ದು ಒರೆಸುವುದು. ತಿಂಗಳ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಕಂಪ್ಯೂಟರಿಗೆ ಮಾತ್ರ ಅಳಿಸುವ ಆಜ್ಞೆಯ ಜೊತೆ ಯಾವ ತಿಂಗಳು ಎಂದೂ ಹಾಕಬೇಕಿತ್ತು. ಆ ರೂಢಿಯಲ್ಲಿ ಬೆಳೆದ ನೀವು ಒಮ್ಮೆ ಕೇಳಿದಿರಿ — “ತಿಂಗಳ ಹಾಕೋದು ಮರತ್ರ ಏನಾಗ್ತದ ತಮ್ಮಾ?” ಎಲ್ಲವೂ ಅಳಿಯುತ್ತದೆಂದು ನನಗೆ ಗೊತ್ತಿತ್ತು. ಆದರೆ ನಗೆಗೆ ಹೆದರಿ ಪ್ರಶ್ನೆ ತೆಗೆದೆನೆಂದು ಹೇಗೆ ಹೇಳಲಿ…

“ಅಂಜಬ್ಯಾಡ್ರಿ ಚಾಚಾ, ಅದು ಕೇಳ್ತದ.”

ಅದು ಕೇಳಲಿಲ್ಲ. ಒಂದು ದಿನ ತಿಂಗಳಿಲ್ಲದೆ ಅಳಿಸುವ ಆಜ್ಞೆ ಕೊಟ್ಟಿರಿ. ಇನ್ನೂ ಕಳಿಸಬೇಕಿದ್ದ ಆರ್ಡರುಗಳೂ ಹೋದವು. ಮಾಲೀಕರು ವಾಡಿ ಊರಿನಿಂದ ಬರುವಷ್ಟರಲ್ಲಿ ನಾನು ಪ್ರಶ್ನೆಯನ್ನು ಮತ್ತೆ ಜೋಡಿಸಿದ್ದೆ. “ಮಷೀನು ನನ್ನ ಏನೂ ಕೇಳಲಿಲ್ರಿ” ಎಂದಿರಿ ನೀವು. ನಾನು — ಎಲ್ಲರ ಕಣ್ಣೆದುರು ಅದೇ ಆಜ್ಞೆ ಟೈಪ್ ಮಾಡಿ ತೋರಿಸಿದೆ. ಪ್ರಶ್ನೆ ಬಂತು. ಮರುದಿನದಿಂದ ನಿಮ್ಮನ್ನು ಮೇಜಿನಿಂದ ಎಬ್ಬಿಸಿ, ಲಾರಿಗೆ ಕಲ್ಲು ತುಂಬಿಸುವ ಬಿಸಿಲಿಗೆ ನಿಲ್ಲಿಸಿದರು.

ಮೊನ್ನೆ ಚಿತ್ತಾಪುರದ ಬಸ್ಸಿನಲ್ಲಿ ಸಿಕ್ಕಿರಿ. ಸರಿದು ಜಾಗ ಕೊಟ್ಟಿರಿ. ನಾನು ಬಾಯಿ ತೆರೆಯುವ ಮೊದಲೇ ನೀವೇ ಹೇಳಿದಿರಿ: “ಭಾಳ ಯೋಚನಾ ಮಾಡೀನಿ ತಮ್ಮಾ. ಅದು ಕೇಳಿರಬೇಕು. ನಾನಾ ನೋಡಲಾರದ ಒತ್ತೀನಿ.”

ನಾನು ತಲೆಯಾಡಿಸಿದೆ. ಚಾಚಾ, ಹೌದೆಂದು ತಲೆಯಾಡಿಸಿದೆ.

ಮೇಜು ಕಸಿದದ್ದು ಸಾಲದೆಂದು, ನಿಮ್ಮ ಕಣ್ಣಿನ ಮೇಲೆ ನಿಮಗಿದ್ದ ನಂಬಿಕೆಯನ್ನೂ ಕಸಿದೆ. ನಾಳೆ ಆಫೀಸಿನಲ್ಲಿ ಎಲ್ಲರೆದುರು ಇದನ್ನು ಹೇಳುತ್ತೇನೆ. ಆಮೇಲೆ ನಿಮ್ಮ ಮನೆಗೆ ಬರುತ್ತೇನೆ — ಕುಂದ್ರು ಎನ್ನಬೇಡಿ. ನಿಂತೇ ಹೇಳುತ್ತೇನೆ.