ಲಾಭ ಅಂಗಳದಲ್ಲಿ ನಿಂತಿತ್ತು

ಪಾಲುದಾರನಿಗೆ ಅವನ ಪಾಲಿನ ಲಾಭ ಕೊಡಲು ಕೊಟ್ಟೂರಿನಲ್ಲಿದ್ದ ನನ್ನ ಸೈಟನ್ನು ಮಾರಬೇಕಾಯಿತು. ಮೂಲೆ ಸೈಟು, ಪೂರ್ವಕ್ಕೆ ರಸ್ತೆ. ಚೌಕಾಸಿಯಲ್ಲಿ ನನ್ನನ್ನು ಮಣಿಸಿದವರು ಈ ಕಡೆ ಕಡಿಮೆ. ಆ ದಿನ ಮಾತ್ರ ಕೊಳ್ಳುವವನು ಹೇಳಿದ ಬೆಲೆಗೇ ತಲೆಯಾಡಿಸಿ ಬಂದೆ. ವ್ಯಾಪಾರದಲ್ಲಿ ನಷ್ಟವಾಗಿತ್ತೆಂದಲ್ಲ. ಲಾಭವೇ ಆಗಿತ್ತು, ಕೈಯಲ್ಲಿ ದುಡ್ಡಿರಲಿಲ್ಲ.

ಕೂಡ್ಲಿಗಿಯಲ್ಲಿ ಹಳೆಯ ಕಾರು ಕೊಂಡು ಮಾರುತ್ತಾ ಶುರು ಮಾಡಿದವರು ನಾವಿಬ್ಬರು. ಮಾತು ನನ್ನದು, ಪಾನಾ ಅವನದು. ಹರಪನಹಳ್ಳಿಯ ಮೆಕ್ಯಾನಿಕ್ ಮನೆತನದವನು. ಆಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಹೊಸ ಕಾರಿನ ಶೋರೂಮು ತೆರೆದೆವು.

ನಮ್ಮ ಕಡೆ ಕಾರು ಕೊಳ್ಳಲು ಯಾರೂ ಒಬ್ಬರೇ ಬರುವುದಿಲ್ಲ. ಮನೆಯ ಹಿರಿಯರು, ಅಳಿಯ, ಪಕ್ಕದ ಮನೆಯವರು, ಎಲ್ಲರೂ ಹಳೆಯ ಗಾಡಿಯಲ್ಲೇ ತುಂಬಿಕೊಂಡು ಬರುತ್ತಾರೆ. ಹೊಸದರ ಬೆಲೆಯಲ್ಲಿ ಎಷ್ಟು ಬಿಟ್ಟರೂ ಸಮಾಧಾನವಿಲ್ಲ. ಬದಲಿಗೆ ಕೊಡುವ ಹಳೆಯದಕ್ಕೆ ಎಷ್ಟು ಬೆಲೆ ಕಟ್ಟಿದಿರಿ ಎನ್ನುವುದೇ ಮರ್ಯಾದೆಯ ಪ್ರಶ್ನೆ. ಹಡಗಲಿಯ ಮಲ್ಲಿಗೆ ವ್ಯಾಪಾರಿಯೊಬ್ಬರು ತಮ್ಮ ವ್ಯಾನನ್ನು ಸವರುತ್ತಾ, “ಇಷ್ಟಕ್ಕ ಬಿಟ್ಟು ಹೋದ್ರ ಓಣ್ಯಾಗ ನನಗ ಏನಂತಾರ್ರಿ?” ಎಂದರು. ವ್ಯಾನಿಗೆ ಕಟ್ಟಿದ ಬೆಲೆ ಏರಿಸಿದೆ. ಆಮೇಲೆ ಬಂದವರಿಗೆಲ್ಲ ಏರಿಸಿದೆ. ಹೊಸದು ಹೋಯಿತು, ಹಳೆಯದು ಅಂಗಳಕ್ಕೆ ಬಂತು. ಕೊಂಡ ಬೆಲೆಗಿಂತ ಕಡಿಮೆಗೆ ಅದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಬ್ಯಾಟರಿ ಇಳಿದವು, ಟೈರು ಕೂತವು, ಬ್ಯಾಂಕಿನ ಬಡ್ಡಿ ಮಾತ್ರ ಓಡುತ್ತಲೇ ಇತ್ತು.

ವರ್ಷದ ಕೊನೆಗೆ ಆಡಿಟರು ಲಾಭ ತೋರಿಸಿದರು, ಅದರ ಮೇಲಿನ ತೆರಿಗೆಯನ್ನೂ ತೋರಿಸಿದರು. ಆಮೇಲೆ ಫ್ರೀ ಕ್ಯಾಶ್ ಫ್ಲೋ ಮಾರ್ಜಿನ್ ಎಂದು ಇನ್ನೊಂದು ಮಾತು ತೆಗೆದರು. ನೂರು ರೂಪಾಯಿಯ ಮಾರಾಟದಲ್ಲಿ ಖರ್ಚು, ಬಡ್ಡಿ, ತೆರಿಗೆ, ಅಂಗಳದಲ್ಲಿ ಸಿಕ್ಕಿಕೊಂಡ ಮಾಲು, ಹೊಸದಾಗಿ ಹಾಕಿಸಿದ ಲಿಫ್ಟು ಎಲ್ಲ ಕಳೆದು ನಿಜವಾಗಿ ಕೈಯಲ್ಲಿ ಉಳಿಯುವುದೆಷ್ಟು ಎಂಬ ಲೆಕ್ಕ. ನಮ್ಮದು ಸೊನ್ನೆಗಿಂತ ಕೆಳಗಿತ್ತು.

ಪಾಲುದಾರನ ಕಿವಿಗೆ ಬಿದ್ದದ್ದು ಲಾಭದ ಸುದ್ದಿ ಮಾತ್ರ. ಅವನು ಕಟ್ಟಿಸುತ್ತಿದ್ದ ಮನೆ ಗೋಡೆಯ ಮಟ್ಟಕ್ಕೇ ನಿಂತುಬಿಟ್ಟಿತ್ತು; ಹೆಂಡತಿ ಮಕ್ಕಳು ಅಣ್ಣನ ಮನೆಯಲ್ಲಿ ಇಕ್ಕಟ್ಟಿನಲ್ಲಿದ್ದರು. ತಾರಸಿ ಹಾಕಿಸಲು ತನ್ನ ಪಾಲು ಕೇಳಿದ.

“ಲಾಭ ಐತಿ ಅಂದ್ರಲ್ಲ ಅಣ್ಣ, ಎಲ್ಲೈತಿ?”

ಕಿಟಕಿಯಾಚೆ ಕೈ ತೋರಿಸಿದೆ. “ಅಲ್ಲಿ ನಿಂತೈತಿ ನೋಡು.”

ಅವನು ಹೋಗಿ ನೋಡಿಯೇ ಬಂದ. “ಹಂಗಾದ್ರ ತಾರಸಿ ಬದಲಿ ಅವನ್ನ ಹೊದಸ್ಲೇನು?”

ನಗು ಬರಲಿಲ್ಲ, ಇಬ್ಬರಿಗೂ. ಆರು ತಿಂಗಳು ತಡಿ ಎಂದೆ. ಇಷ್ಟು ವರ್ಷ ತಡೆದದ್ದು ಸಾಕು ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಿ ನನಗೂ ಸುಸ್ತಾಗಿತ್ತು. ಸೈಟು ಮಾರಿ ಕೊಟ್ಟೆ. ತಾರಸಿ ಮುಗಿಯಿತು, ಪಾಲುದಾರಿಕೆಯೂ ಮುಗಿಯಿತು. ಈಗ ಹರಪನಹಳ್ಳಿಯಲ್ಲಿ ಅವನದೇ ಗ್ಯಾರೇಜು ಇದೆ. ನಾನು ಕಳಿಸಿದ ಗಾಡಿಯನ್ನೂ ರಿಪೇರಿ ಮಾಡುತ್ತಾನೆ. ಮುಂಗಡ ಬಂದ ಮೇಲೆ.

ನೀವು ಕಾರಲ್ಲ, ಹೊಲಿಗೆ ಯಂತ್ರ ಮಾರಿದರೂ ಒಂದು ಮಾತು ಕೇಳಿ. ಹಳೆಯದನ್ನು ತೆಗೆದುಕೊಳ್ಳುವ ಮೊದಲೇ ಅದನ್ನು ನಿಮ್ಮಿಂದ ಕೊಳ್ಳುವವನಿಗೆ ಫೋನು ಮಾಡಿ, ಅವನು ಹೇಳಿದ ಬೆಲೆಯ ಒಳಗೇ ಮಾತಾಡಿ. ಮರ್ಯಾದೆ ಕೊಡಬೇಕೆನಿಸಿದರೆ ಕೂರಿಸಿ ಚಹಾ ಕೊಡಿ. ತಿಂಗಳು ದಾಟಿಯೂ ನಿಂತ ಮಾಲನ್ನು ನಷ್ಟಕ್ಕಾದರೂ ಬಿಟ್ಟುಬಿಡಿ. ಪಾಲುದಾರರಿದ್ದರೆ, ಲಾಭ ಎಷ್ಟೆಂದು ಹೇಳುವ ಮೊದಲು ಕೈಯಲ್ಲಿ ಎಷ್ಟಿದೆ ಎಂದು ಹೇಳಿ.